ತಿರುಮಲೇಶನ ಟರ್ಕಿ ಪಾಂಡಿತ್ಯ

ತಿರುಮಲೇಶ ಇಸ್ತಾಂಬುಲ್‌ನಲ್ಲಿ ಆರು ದಿನ ಇದ್ದು ಬಂದವನು. ಆರೂ ದಿನ ಬೀದಿಯಲ್ಲಿ ನಿಂತೇ ಹೊಟ್ಟೆ ತುಂಬಿಸಿಕೊಂಡ. ಬಳೆಯಾಕಾರದ ಎಳ್ಳು ಬ್ರೆಡ್ಡು, ಸುಟ್ಟ ಜೋಳ, ನಾಲ್ಕು ಬಗೆಯ ಬಕ್ಲಾವಾ ಮಿಠಾಯಿ. ಅಷ್ಟಕ್ಕೇ ಟರ್ಕಿಯನ್ನು ಅರೆದು ಕುಡಿದವನಂತೆ ತನ್ನ ಮನೆಯಿದ್ದ ಫ್ರೀಮಾಂಟಿಗೆ ಮರಳಿದ. ಈ ಪಾಂಡಿತ್ಯಕ್ಕೆ ಮನೆಯಲ್ಲಿ ಯಾರೂ ಕವಡೆ ಕಿಮ್ಮತ್ತು ಕೊಡಲಿಲ್ಲವೆಂಬುದೇ ಅವನ ದುಃಖ.

ಹತ್ತಿರದ ಬೆರ್ರಿಯೆಸಾದಲ್ಲಿದ್ದ ಟರ್ಕಿಯ ಸಹೋದ್ಯೋಗಿ ಎಮ್ರೆ ಭಾನುವಾರದ ಊಟಕ್ಕೆ ಕರೆದಾಗ ತಿರುಮಲೇಶನ ಗ್ರಹಗತಿ ಬದಲಾಯಿತು. ಮೈಸೂರಿನಿಂದ ಬಂದಿದ್ದ ಅತ್ತೆ ನಂಜಮ್ಮನ ಮುಂದೆ ಮಿಂಚಲು ಇದಕ್ಕಿಂತ ಒಳ್ಳೆಯ ಸಮಯ ಬೇಕೆ? ಕಾರಿನಲ್ಲೇ ಅಪ್ಪಣೆ ಹೊರಟಿತು.

"ಅತ್ತೆ, ನೀವೇನೂ ಗಾಬರಿ ಆಗ್ಬೇಡಿ. ನಾನು ಹೇಗೆ ಮಾಡ್ತೀನೋ ಹಾಗೇ ಮಾಡಿ, ಸಾಕು."

"ಹಾಗೇ ಆಗ್ಲಿ ಅಳಿಯಂದ್ರೇ."

"ರೀ, ನೀವು ಅಲ್ಲಿ ಯಾರ ಮನೇಗಾದ್ರೂ ಹೋಗಿದ್ರಾ?" ಎಂದಳು ಹೆಂಡತಿ ವೇದವತಿ.

"ಇಡೀ ಬೀದೀನೇ ತಿಂದೋನಿಗೆ ಒಂದು ಮನೆ ಯಾವ ಲೆಕ್ಕ?"

ಎಮ್ರೆಯ ವಯಸ್ಸಾದ ತಾಯಿ ನಗುತ್ತ ಎಲ್ಲರನ್ನೂ ಸೋಫಾದಲ್ಲಿ ಕೂರಿಸಿದರು. ಆಮೇಲೆ ಸಣ್ಣ ಗಾಜಿನ ಬಾಟಲಿ ಹಿಡಿದು ಮೊದಲು ತಿರುಮಲೇಶನ ಬಳಿ ಬಂದು, ಕೈಯೊಡ್ಡುವಂತೆ ಸನ್ನೆ ಮಾಡಿದರು.

ಹಿರಿಯ ಹೆಂಗಸು, ತಿಳಿನೀರು, ಊಟಕ್ಕೆ ಮುಂಚಿನ ಹೊತ್ತು. ತೀರ್ಥವಲ್ಲದೆ ಇನ್ನೇನು? ಅವನ ಬಲಗೈ ತಾನಾಗಿಯೇ ಗುಳಿಯಾಯಿತು, ಎಡಗೈ ಅದರ ಕೆಳಗೆ ಸೇರಿತು. ಕಣ್ಣು ಮುಚ್ಚಿ, ಭಕ್ತಿಯಿಂದ ಸೊರ್ರೆಂದು ಕುಡಿದು, ಉಳಿದ ಪಸೆಯನ್ನು ತಲೆಗೆ ಒರೆಸಿಕೊಂಡ.

ಮರುಕ್ಷಣ ನಾಲಿಗೆಗೆ ಬೆಂಕಿ ಬಿತ್ತು. ಅದು ಬಂದ ಅತಿಥಿಗಳು ಕೈಗೆ ಸವರಿಕೊಳ್ಳಲೆಂದು ಕೊಡುವ ನಿಂಬೆ ಪರಿಮಳದ ಸೆಂಟು. ಮುಕ್ಕಾಲು ಪಾಲು ಸ್ಪಿರಿಟ್ಟು.

ಕೆಮ್ಮುತ್ತ ಕಣ್ಣು ಬಿಟ್ಟ. ಪಕ್ಕದಲ್ಲಿದ್ದ ಅತ್ತೆಯ ಅಂಗೈ ಆಗಲೇ ತುಂಬಿತ್ತು. ಅಳಿಯನ ಮಾತು ನಂಬಿ ಬಾಯಿಯತ್ತ ಏಳುತ್ತಿತ್ತು. ಎಪ್ಪತ್ತೆರಡು ವರ್ಷದ ಜೀವ. "ಬೇಡ" ಎನ್ನಲು ಹೋದರೆ ಬರೀ ಕೆಮ್ಮೇ ಹೊರಬಿತ್ತು.

ನಂಜಮ್ಮ ಅಳಿಯನ ಕೆಂಪಾದ ಮುಖವನ್ನೊಮ್ಮೆ ನೋಡಿದರು. ಅಂಗೈ ಮೂಗಿನ ಹತ್ತಿರವೇ ನಿಂತಿತು. ಮೆಲ್ಲಗೆ ಎರಡೂ ಕೈಗೆ ಉಜ್ಜಿಕೊಂಡರು.

ಎಮ್ರೆ ನೀರಿಗೆ ಓಡಿದ. ಅವನ ತಾಯಿ ಮಾತ್ರ ಅತಿಥಿಗೆ ನಾಚಿಕೆಯಾಗಬಾರದೆಂದು ತಾವೂ ಎರಡು ಹನಿ ತಲೆಗೆ ಒರೆಸಿಕೊಂಡರು. ಆ ದೊಡ್ಡತನಕ್ಕೆ ತಿರುಮಲೇಶನ ಕಣ್ಣು ಇನ್ನಷ್ಟು ತುಂಬಿ ಬಂತು.

ಆಮೇಲೆ ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ ಬಂತು, ಎಣ್ಣೆಯಲ್ಲಿ ಬೆಂದ ಬದನೆಕಾಯಿ ಬಂತು. ಎಲ್ಲರೂ ಚಪ್ಪರಿಸಿ ತಿಂದರು. ಅವನ ಬಾಯಿಗೆ ಮಾತ್ರ ಎಲ್ಲವೂ ಸೆಂಟಿನ ರುಚಿ.

ಹೊರಡುವಾಗ ಆ ತಾಯಿ ಮತ್ತೆ ಬಾಟಲಿ ತಂದರು. ನಂಜಮ್ಮ ತಾವೇ ಮುಂದೆ ಬಂದು ಕೈಯೊಡ್ಡಿ, ಅಚ್ಚ ಕನ್ನಡದಲ್ಲಿ ಹೇಳಿದರು:

"ನಮ್ಮ ಅಳಿಯಂದ್ರಿಗೆ ಬೇಡಮ್ಮ. ಅವರು ಆಗ್ಲೇ ಒಳಗಡೆಯಿಂದ ಹಚ್ಕೊಂಡಿದಾರೆ."