ಕುಂಕುಮಕ್ಕೂ ನೀತಿ ಸಂಹಿತೆ

ಚುನಾವಣಾ ಖರ್ಚಿಗೆ ಕಡಿವಾಣ ಹಾಕುವ ಬಗ್ಗೆ ಮಾತನಾಡುವುದರಷ್ಟು ಸುಖದ ಕೆಲಸ ಇನ್ನೊಂದಿಲ್ಲ. ಮನೆಯವರು ಯಾರೂ ಚುನಾವಣೆಗೆ ನಿಂತಿರಬಾರದು, ಅಷ್ಟೇ. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಕೊಡಿಗೇನಹಳ್ಳಿ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತು ಈ ಸುಖವನ್ನು ನಾನು ಧಾರಾಳವಾಗಿ ಅನುಭವಿಸಿದ್ದೇನೆ. ಪಕ್ಷಗಳಿಗೆ ಯಾರು ದೇಣಿಗೆ ಕೊಟ್ಟರೆಂಬುದು ಬಯಲಾಗಬೇಕು, ಅಭ್ಯರ್ಥಿಗಳ ಖರ್ಚನ್ನು ಸರ್ಕಾರವೇ ಭರಿಸಬೇಕು ಎಂದು ನಾನು ಮೇಜು ಗುದ್ದುತ್ತಿದ್ದೆ. ಗೊಬ್ಬರದಂಗಡಿಯ ನಾಗಭೂಷಣ, "ನಮ್ ತೆರಿಗೆ ದುಡ್ನಾಗೆ ಅವ್ರು ಮೈಕ್ ಕಟ್ಕಂಡು ಕೂಗ್ಬೇಕಾ? ಚೆನ್ನಾಗೈತೆ ಬುಡಿ ಮೇಷ್ಟ್ರೇ!" ಎಂದು ತಿರುಗಿ ಗುದ್ದುತ್ತಿದ್ದ. ಹಿಂದೂಪುರದ ಬಸ್ಸಿಗೆ ಕಾಯುವವರು ಬಸ್ಸು ಹೋದರೂ ಏಳದೆ ನಮ್ಮ ವಾದ ಕೇಳುತ್ತಿದ್ದರು. ನನಗಂತೂ ಮೈ ಜುಮ್ಮೆನ್ನುತ್ತಿತ್ತು.

ಹೀಗಿರುವಾಗ ನಮ್ಮ ವಾರ್ಡು ಮಹಿಳಾ ಮೀಸಲಾಗಿ, ನನ್ನ ಹೆಂಡತಿ ಸರ್ವಮಂಗಳ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತುಬಿಟ್ಟಳು! ಬೀದಿಯ ಚರಂಡಿ ನೀರು ಕುಡಿಯುವ ನೀರಿನ ನಲ್ಲಿಯ ಗುಂಡಿಗೆ ನುಗ್ಗುವುದನ್ನು ತಪ್ಪಿಸಲೇಬೇಕು, ಅದಕ್ಕಾಗಿ ಗೆಲ್ಲಲೇಬೇಕು ಎಂಬುದು ಅವಳ ಹಟ. ದೇಶಕ್ಕೇ ಮಾದರಿಯಾಗುವ ಪ್ರಯೋಗ ನಮ್ಮ ಮನೆಯಲ್ಲೇ ನಡೆಯುತ್ತದಲ್ಲ ಎಂಬುದು ನನ್ನ ಸಂಭ್ರಮ. "ಒಂದು ಪೈಸೆ ಖರ್ಚು ಮಾಡದೆ ಗೆಲ್ಲೋಣ ಕಣೇ" ಎಂದೆ. ಅವಳೂ ಒಪ್ಪಿದಳು. ಎದುರಾಳಿಯ ಮನೆಯ ಹಿಂದೆ ಶಾಮಿಯಾನ ಎದ್ದು, ಬಾಡೂಟದ ಮಸಾಲೆ ನಮ್ಮಂಥ ಸಸ್ಯಾಹಾರಿಗಳ ಮೂಗಿಗೂ ಬಡಿಯಿತು. ನಾವು ಜಗ್ಗಲಿಲ್ಲ.

ಎಡವಟ್ಟಾದದ್ದು ಶುಕ್ರವಾರ ಸಂಜೆ. ಚರಂಡಿಯ ವಿಷಯ ಮಾತನಾಡಲು ಬೀದಿಯ ಹೆಂಗಸರೆಲ್ಲ ಮನೆಗೆ ಬಂದಿದ್ದರು. ಹೊರಡುವಾಗ ಸರ್ವಮಂಗಳ ವಾಡಿಕೆಯಂತೆ ಅರಿಶಿನ ಕುಂಕುಮ, ಎಲೆ ಅಡಿಕೆ, ರವಿಕೆ ಕಣ ಇಟ್ಟ ತಟ್ಟೆ ತಂದಳು. ನಾನು ಅಡ್ಡ ನಿಂತೆ.

"ತಡಿ! ರವಿಕೆ ಕಣ ಉಡುಗೊರೆ. ಎಲೆ ಅಡಿಕೆ ಆಮಿಷ."

"ಕುಂಕುಮಾನಾದ್ರೂ ಕೊಡಬಹುದೇನ್ರೀ?"

ಕಾನೂನಿನ ಎಲ್ಲ ಮಗ್ಗುಲುಗಳನ್ನೂ ಯೋಚಿಸಿ, "ಅದೂ ಅನುಮಾನವೇ" ಎಂದು ತಟ್ಟೆಯನ್ನು ಅಟ್ಟದ ಮೇಲಿಟ್ಟೆ. ಬೀದಿಯ ಕೊನೆಯಲ್ಲಿ ಕುರಿ ಸಾಕಿಕೊಂಡಿರುವ ರಂಗಮ್ಮ ಆಗಲೇ ಹಣೆ ಮುಂದಕ್ಕೆ ಒಡ್ಡಿ ನಿಂತಿದ್ದಳು. "ಮನೆಗ್ ಬಂದ ಮುತ್ತೈದೇರ್ಗೆ ಕುಂಕ್ಮ ಇಲ್ಲ ಅಂದೋರ್ನ ನಾನೆಲ್ಲೂ ಕಂಡಿಲ್ಲ ಕಣಪ್ಪ!" ಎಂದು ಸೆರಗು ಕೊಡವಿ ಹೊರಟಳು. ಉಳಿದವರೂ ಹಿಂದೆಯೇ ನಡೆದರು. ಸರ್ವಮಂಗಳ ಅಡುಗೆಮನೆಗೆ ಹೋಗಿ ಅತ್ತಳು. "ಸೋತ್ರೆ ಸೋಲ್ತೀನಿ. ಇನ್ಮೇಲೆ ಅವ್ರ ಮುಖ ಹೆಂಗ್ರೀ ನೋಡ್ಲಿ?" ಎಂದಳು. ನನಗೂ ಸಂಕಟವಾಯಿತು. ಆದರೂ ತಟ್ಟೆ ಇಳಿಸಲಿಲ್ಲ. ಸಿದ್ಧಾಂತ ನೋಡಿ!

ಮರುದಿನ ಅವಳೊಬ್ಬಳೇ ಮನೆಮನೆಗೆ ಮತ ಕೇಳಲು ಹೋದಳು. ಮಧ್ಯಾಹ್ನ ಬಂದಾಗ ನೋಡುತ್ತೇನೆ, ಹಣೆ ತುಂಬ ಕುಂಕುಮ, ಕಂಕುಳಲ್ಲಿ ರವಿಕೆ ಕಣಗಳ ಗಂಟು, ಸೆರಗಿನ ತುಂಬ ಅಕ್ಕಿ! ಹೋದ ಮನೆಯಲ್ಲೆಲ್ಲ ಮಡಿಲು ತುಂಬಿ ಕಳಿಸಿದ್ದರು.

"ಅಯ್ಯೋ, ಇದು ಮತದಾರರಿಂದ ಅಭ್ಯರ್ಥಿಗೆ ದೇಣಿಗೆ ಕಣೇ! ವಾಪಸ್ ಕೊಟ್ಟು ಬಾ!"

"ಮಡಿಲಿಗೆ ಹಾಕಿದ ಅಕ್ಕೀನ ಯಾರಾದ್ರೂ ವಾಪಸ್ ಕೊಡ್ತಾರೇನ್ರೀ? ತಲೆ ಕೆಟ್ಟಿದ್ಯಾ?"

ಪರಿಹಾರ ಕೇಳಲು ಹೋಟೆಲಿಗೆ ಓಡಿದೆ. ನಾಗಭೂಷಣ ನಕ್ಕ ರಭಸಕ್ಕೆ ಟೀ ನೆತ್ತಿಗೇರಿತು. "ದೇಣಿಗೆ ಬಯಲಾಗ್ಬೇಕು ಅಂತ ನೀವೇ ಅಲ್ವಾ ಅಂತಿದ್ದಿದ್ದು? ಇಡೀ ಬೀದಿ ನೋಡೋ ಹಂಗೆ ಮಡಿಲು ತುಂಬವ್ರೆ! ಇನ್ನೇನಾಗ್ಬೇಕು?" ಎಂದ. ಜೀವನದಲ್ಲಿ ಮೊದಲ ಸಲ ಮೇಜು ಗುದ್ದದೆ ಎದ್ದು ಬಂದೆ.

ಮತದಾನ ಮುಗಿದು, ತಾಲ್ಲೂಕು ಕೇಂದ್ರ ಮಧುಗಿರಿಯಲ್ಲಿ ಎಣಿಕೆಯಾಯಿತು. ಸರ್ವಮಂಗಳ ಗೆದ್ದಳು, ಅದೂ ಭರ್ಜರಿಯಾಗಿ! ಖುಷಿಗೆ ನಾನು ಎದುರಾಳಿಯ ಏಜೆಂಟನನ್ನೇ ತಬ್ಬಿಕೊಂಡೆ. ಸಂಜೆ ಬೀದಿಯ ಹೆಂಗಸರೆಲ್ಲ ಮನೆಗೆ ಬಂದರು. ನಾನು ಎದೆಯುಬ್ಬಿಸಿ, "ನೋಡಿದ್ರಾ ರಂಗಮ್ಮ, ನನ್ನ ಸಿದ್ಧಾಂತ ಮೆಚ್ಚಿ ನೀವೆಲ್ಲ ಓಟು ಹಾಕಿದ್ರಿ!" ಎಂದೆ.

"ಸಿದ್ದಾಂತನೂ ಇಲ್ಲ, ಏನೂ ಇಲ್ಲ ಬುಡಿ ಮೇಷ್ಟ್ರೇ" ಎಂದಳು ರಂಗಮ್ಮ. "ಇಂಥ ಗಂಡನ್ನ ಕಟ್ಕಂಡು ಇಷ್ಟ್ ವರ್ಸ ಸಂಸಾರ ತೂಗ್ಸವ್ಳೆ, ಇವ್ಳಿಗೆ ಪಂಚಾಯ್ತಿ ಯಾವ್ ಮಹಾ ಅಂತ ಎಲ್ರೂ ಮಾತಾಡ್ಕಂಡು ಹಾಕುದ್ವಿ."

ಸರ್ವಮಂಗಳ ಅಟ್ಟದ ಮೇಲಿನ ತಟ್ಟೆ ಇಳಿಸಿದಳು. ಒಬ್ಬೊಬ್ಬರಿಗೇ ಕುಂಕುಮ ಹಚ್ಚುತ್ತಾ ನಗುತ್ತಿದ್ದಳು. ಹೆಂಡತಿಯ ಗೆಲುವಿಗೆ ನಾನೇ ಕಾರಣ ಎಂದು ಈಗಲೂ ಸಿಕ್ಕಿದವರಿಗೆಲ್ಲ ಹೇಳುತ್ತೇನೆ. ಹೇಗೆ ಎಂದು ಮಾತ್ರ ಹೇಳುವುದಿಲ್ಲ.