ಅತ್ತೆಯ ಬಟ್ಟೆ, ಅಳಿಯನ ಸೈಕಲ್ಲು

ಗುರುವಾರ ಬೆಳಕು ಹರಿಯುವ ಹೊತ್ತಿಗೆ ಸರ್ಮಿದಿ ಬರೀ ಚಡ್ಡಿಯಲ್ಲಿ ಮಂಚದ ಮುಂದೆ ನಿಂತಿದ್ದ. ಮಂಚದ ಮೇಲೆ ಒಂದು ಕಡೆ ಪ್ಯಾಂಟು, ಇನ್ನೊಂದು ಕಡೆ ಜಾರಿಕ್. ಯಾವುದನ್ನು ಹಾಕಿಕೊಂಡು ಹೋದರೂ ತನ್ನ ಕತೆ ಮುಗಿಯಿತು ಎಂದು ಅವನಿಗೆ ಖಾತ್ರಿಯಾಗಿತ್ತು.

ತಪ್ಪು ಅವನದಲ್ಲ, ಪಂಚಾಂಗದ್ದು. ಐದು ದಿನಕ್ಕೊಮ್ಮೆ ಬರುವ ಪಾಹಿಂಗ್ ಸಂತೆಯ ದಿನ ಗುರುವಾರದ ಮೇಲೆ ಬಂದರೆ ಜೋಗ್ಜ ನಗರದ ಸರ್ಕಾರಿ ನೌಕರರೆಲ್ಲ ಹಳೇ ಕಾಲದ ಉಡುಪಿನಲ್ಲಿ ಕಚೇರಿಗೆ ಬರಬೇಕು. ತಲೆಗೆ ಬ್ಲಾಂಕೊನ್ ಪೇಟ, ಮೈಗೆ ಪಟ್ಟೆಪಟ್ಟೆಯ ಅಂಗಿ, ಸೊಂಟದಿಂದ ಪಾದದವರೆಗೆ ಬಿಗಿಯಾಗಿ ಸುತ್ತಿದ ಬಾಟಿಕ್ ಜಾರಿಕ್. ಅದು ಮೊದಲಿನಿಂದ ಇದ್ದದ್ದೇ. ಆದರೆ ಹೊಸದಾಗಿ ಬಂದ ಹೆಂದಾರ್ತೊ ಸಾಹೇಬರು, ತಿಂಗಳ ಕೊನೆಯ ಗುರುವಾರ ಎಲ್ಲರೂ ಸೈಕಲ್ಲಿನಲ್ಲೇ ಬರತಕ್ಕದ್ದು ಎಂದು ಅಪ್ಪಣೆ ಮಾಡಿದ್ದರು. ಈ ಸಲ ಎರಡೂ ಒಂದೇ ದಿನ ಬಂದು ಕೂತಿದ್ದವು. ಜಾರಿಕ್ ಉಟ್ಟು ಸೈಕಲ್ ತುಳಿಯುವುದೆಂದರೆ ಕಾಲು ಕಟ್ಟಿದ ಕೋಳಿಗೆ ಓಡು ಅಂದ ಹಾಗೆ.

ಬೇರೆ ದಿನವಾಗಿದ್ದರೆ ಸರ್ಮಿದಿ ಹೊಟ್ಟೆನೋವು ಅಂತ ಮಲಗಿಬಿಡುತ್ತಿದ್ದ. ಇವತ್ತು ಹಾಗಿಲ್ಲ. ಕಚೇರಿಯಲ್ಲಿ ಒಂದು ಕಾಯಂ ಹುದ್ದೆ ಖಾಲಿಯಾಗಿತ್ತು. ಅದಕ್ಕೆ ಹಂಗಾಮಿ ಗುಮಾಸ್ತರಲ್ಲಿ ಒಬ್ಬರ ಹೆಸರನ್ನು ಸಾಹೇಬರು ಈ ದಿನವೇ ಹೇಳುವವರಿದ್ದರು. ಇದ್ದವರು ಇಬ್ಬರೇ. ಒಬ್ಬ ಹಂಗಾಮಿಯಾಗಿಯೇ ತಲೆ ನರೆತ ಸರ್ಮಿದಿ. ಇನ್ನೊಬ್ಬ ನಿನ್ನೆ ಮೊನ್ನೆ ಸೇರಿದ, ಸದಾ ನಗುವ ಬೊವೊ.

ಸರ್ಮಿದಿ ಪ್ಯಾಂಟು ಹಾಕಿದ, ಫೋನನ್ನು ಜೇಬಿಗಿಳಿಸಿದ, ಕನ್ನಡಿ ನೋಡಿದ. ಕನ್ನಡಿಯಲ್ಲಿ ಸಾಹೇಬರ ಹುಬ್ಬು ಮೇಲೇರಿದಂತೆ ಕಂಡಿತು. ಪ್ಯಾಂಟು ಬಿಚ್ಚಿ ಮೊಳೆಗೆ ನೇತುಹಾಕಿ ಜಾರಿಕ್ ಉಟ್ಟ, ಅಂಗಿ ಪೇಟ ಹಾಕಿಕೊಂಡ. ಉಟ್ಟದ್ದು ಸರಿಯಾಗಿದೆಯೇ ಎಂದು ಕೇಳೋಣವೆಂದರೆ ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ರುಸ್ಮಿನಿ ತನ್ನ ತಾಯಿ ಕಾರ್ತೊ ಅಜ್ಜಿಯನ್ನು ಕರೆದುಕೊಂಡು ಆಗಲೇ ಆರೋಗ್ಯ ಕೇಂದ್ರಕ್ಕೆ ಹೋಗಿದ್ದಳು. ಅಜ್ಜಿಗೆ ಕಾಯಿಲೆಯೇನೂ ಇರಲಿಲ್ಲ, ಡಾಕ್ಟರನ್ನು ಬಯ್ಯದೆ ಅವಳಿಗೆ ವಾರ ಕಳೆಯುತ್ತಿರಲಿಲ್ಲ. ಹೋದ ತಿಂಗಳು ಸರ್ಮಿದಿ ರಜೆ ಕೇಳುವಾಗ ಮಾತ್ರ ಅತ್ತೆ ಇವತ್ತೋ ನಾಳೆಯೋ ಎನ್ನುವ ಹಾಗಿದ್ದಾಳೆ ಎಂದು ಸಾಹೇಬರ ಮುಂದೆ ಕಣ್ಣು ಒರೆಸಿಕೊಂಡಿದ್ದ.

ಹೊರಗೆ ಪಕ್ಕದ ಮನೆಯ ಗಿಯೊ ತನ್ನ ಬೆಳವನ ಹಕ್ಕಿಯ ಪಂಜರವನ್ನು ಹಗ್ಗ ಎಳೆದು ಕಂಬಕ್ಕೇರಿಸುತ್ತಿದ್ದ. ಕೇಳಲಿ, ಕೇಳದಿರಲಿ, ಸಲಹೆ ಕೊಡುವುದು ಅವನ ಧರ್ಮ.

"ಏನಪ್ಪಾ, ಮದುಮಗನ ಥರ ಹೊರಟಿದೀಯ?"

"ಈ ಬಟ್ಟೇಲಿ ಸೈಕಲ್ ಹತ್ಬೇಕು ಗಿಯೊ ಅಣ್ಣ. ಹೆಂಗೆ ಹತ್ತಲಿ?"

"ಅಷ್ಟೇನಾ? ನೆರಿಗೆ ಎತ್ತಿ ಸೊಂಟಕ್ಕೆ ಸಿಗಿಸ್ಕೊ, ಮಂಡಿ ಅಗಲ ಮಾಡಿ ತುಳಿ. ನಮ್ಮಪ್ಪ ಜಾರಿಕ್ ಉಟ್ಟೇ ಸಂತೆಗೆ ಸೈಕಲ್ಲಲ್ಲಿ ಹೋಗ್ತಿದ್ದ."

"ನಿಮ್ಮಪ್ಪಂಗೆ ಸೈಕಲ್ ಇತ್ತಾ?"

"ಇರ್ಲಿಲ್ಲ ಅಂತಲೇ ಇಟ್ಕೊ. ಮಾತು ಅದಲ್ಲ. ಹತ್ತು ಮೊದ್ಲು."

ಸರ್ಮಿದಿ ಹತ್ತಿದ. ಓಣಿಯ ತಿರುವಿನವರೆಗೆ ಗಿಯೊ ಹೇಳಿದಂತೆಯೇ ಎಲ್ಲವೂ ನಡೆಯಿತು. ತಿರುವಿನಲ್ಲಿ ನೆರಿಗೆ ಜಾರಿ ಚೈನಿಗೆ ಸಿಕ್ಕಿತು. ಪರ್ರ್ ಎಂದು ಸದ್ದಾಯಿತು. ಸೈಕಲ್ ಒಂದು ಕಡೆ, ಸರ್ಮಿದಿ ಒಂದು ಕಡೆ, ಜಾರಿಕ್ ಎರಡೂ ಕಡೆ.

"ನಾನು ಹೇಳ್ದಷ್ಟು ಅಗಲ ಮಾಡ್ಲಿಲ್ಲ ನೀನು" ಎಂದು ಗಿಯೊ ಓಡಿ ಬಂದ. "ಈಗ ಪ್ಯಾಂಟ್ ಹಾಕ್ಕೊಂಡು ಹೋದ್ಯೋ, ಬೊವೊಗೆ ಕೆಲ್ಸ ನೀನೇ ಕೊಟ್ಟಂಗೆ. ಬೇರೆ ಜಾರಿಕ್ ಇಲ್ವಾ ಮನೇಲಿ?"

ಇರಲಿಲ್ಲ. ಇದ್ದದ್ದು ಅತ್ತೆಯ ಪೆಟ್ಟಿಗೆ. ಅದನ್ನು ಮುಟ್ಟುವ ಧೈರ್ಯ ರುಸ್ಮಿನಿಗೇ ಇರಲಿಲ್ಲ. ಸರ್ಮಿದಿ ಬಾಗಿಲು ಹಾಕಿಕೊಂಡು ಪೆಟ್ಟಿಗೆ ತೆರೆದ. ಮೇಲಿನವೆಲ್ಲ ಹೂವು ಹಕ್ಕಿಗಳ ಹೆಂಗಸರ ಬಟ್ಟೆ. ಎಲ್ಲಕ್ಕಿಂತ ಕೆಳಗೆ ಲಾವಂಚದ ಬೇರಿನ ಜೊತೆ ಸುತ್ತಿಟ್ಟ ಒಂದು ಜಾರಿಕ್ ಸಿಕ್ಕಿತು. ಕಂದು ಕಪ್ಪು ಬಣ್ಣದ ಪುಟ್ಟ ತ್ರಿಕೋನಗಳು, ಗಂಭೀರವಾದ ಚಿತ್ತಾರ, ಒಮ್ಮೆಯೂ ಉಟ್ಟಂತಿರಲಿಲ್ಲ. ಗಂಡಸು ಉಟ್ಟರೆ ಯಾರೂ ನಗುವ ಹಾಗಿಲ್ಲ. ಸಂಜೆಗೆ ಹೇಗಿತ್ತೋ ಹಾಗೆ ಮಡಿಸಿಟ್ಟರಾಯಿತು ಎಂದುಕೊಂಡ. ಪೆಟ್ಟಿಗೆ ಮುಚ್ಚುವುದು ಮರೆತೇಹೋಯಿತು.

ಗಿಯೊ ನೆರಿಗೆ ಹಿಡಿದುಕೊಟ್ಟ. "ಒಳ್ಳೇ ಬಟ್ಟೆ ಕಣಯ್ಯ. ಈ ಚಿತ್ತಾರ ಎಲ್ಲೋ ನೋಡಿದೀನಿ" ಎಂದು ತಲೆ ಕೆರೆದುಕೊಂಡ. ಅಷ್ಟರಲ್ಲಿ ಸರ್ಮಿದಿ ತಿರುವು ದಾಟಿದ್ದ.

ಬಟ್ಟೆಯನ್ನು ಒಂದು ಕೈಯಲ್ಲಿ ಎತ್ತಿಹಿಡಿದು, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಅವನು ದೊಡ್ಡ ರಸ್ತೆಗೆ ಬಂದ. ಅಲ್ಲಿ ಒಂದು ವಿಚಿತ್ರ ಕಂಡಿತು. ದಿನವೂ ಮೈಮೇಲೆ ಬರುವ ಮೋಟರ್‌ಸೈಕಲ್ಲಿನವರು ಹಾರ್ನ್ ನಿಲ್ಲಿಸಿ ದಾರಿ ಬಿಟ್ಟರು. ಹಲಸಿನಕಾಯಿ ಪಲ್ಯದ ಗುಡೆಗ್ ಮಾರುವ ಮುದುಕಿ ಅನ್ನ ಬಡಿಸುವುದನ್ನು ನಿಲ್ಲಿಸಿ ಅವನ ಕಡೆ ತಲೆ ಬಾಗಿಸಿದಳು. ಸಂಪ್ರದಾಯಕ್ಕೆ ಊರಿನಲ್ಲಿ ಇನ್ನೂ ಇಷ್ಟು ಬೆಲೆಯಿದೆಯೇ ಎಂದು ಸರ್ಮಿದಿಯ ಮನಸ್ಸು ತುಂಬಿ ಬಂತು. ತುಂಬಿದ ಮನಸ್ಸಿನಲ್ಲಿ ಮುಂದಿದ್ದ ಗುಂಡಿ ಕಾಣಲಿಲ್ಲ. ಮತ್ತೆ ಬಿದ್ದ. ಜಾರಿಕ್ಕಿನ ಅಂಚಿಗೆ ಚೈನಿನ ಗ್ರೀಸು ಬಳಿದುಕೊಂಡಿತು, ಕಣ್ಣಿಗೆ ದೂಳು ಹೊಕ್ಕು ನೀರು ಸುರಿಯತೊಡಗಿತು.

ಕಚೇರಿಯ ಅಂಗಳದಲ್ಲಿ ಸಿಬ್ಬಂದಿಯೆಲ್ಲ ಸೈಕಲ್ ಹಿಡಿದು ಫೋಟೋಗೆ ನಿಂತಿದ್ದರು. ಒಬ್ಬರ ಮೈಮೇಲೂ ಜಾರಿಕ್ ಇರಲಿಲ್ಲ. ಬೊವೊ ಪ್ಯಾಂಟಿನಲ್ಲಿದ್ದ, ಸಾಹೇಬರೇ ಪ್ಯಾಂಟಿನಲ್ಲಿದ್ದರು. ಸರ್ಮಿದಿಗೆ ಏನೂ ಅರ್ಥವಾಗಲಿಲ್ಲ. ಎಲ್ಲರೂ ಅವನ ಒದ್ದೆ ಕಣ್ಣು ನೋಡಿದರು, ಆಮೇಲೆ ಅವನ ಸೊಂಟದ ಕೆಳಗೆ ನೋಡಿದರು.

ಸಾಹೇಬರು ಮೆಲ್ಲಗೆ ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ಸ್ಲೊಬೊಗ್ ಉಟ್ಕೊಂಡು ಬಂದಿದೀರಿ. ಅತ್ತೆಯವರು ಹೋದ್ರಾ?"

ಆಗ ಸರ್ಮಿದಿಗೆ ಹೊಳೆಯಿತು. ಸ್ಲೊಬೊಗ್! ಹೆಣದ ಮೇಲೆ ಹೊದಿಸುವ ಚಿತ್ತಾರ, ಸಾವಿನ ಮನೆಗೆ ಉಟ್ಟು ಹೋಗುವ ಚಿತ್ತಾರ. ಅತ್ತೆ ಅದನ್ನು ತನ್ನ ಕೊನೆಯ ದಿನಕ್ಕೆಂದೇ ತೆಗೆದಿಟ್ಟಿದ್ದಳು. ಇಲ್ಲ ಸಾರ್ ಎನ್ನಲು ಅವನು ಬಾಯಿ ತೆರೆದ.

"ಏನೂ ಹೇಳ್ಬೇಡಿ" ಎಂದರು ಸಾಹೇಬರು. "ಮನೇಲಿ ಸಾವಾಗಿದ್ರೂ, ಅಪ್ಪಣೆ ಮೀರಬಾರ್ದು ಅಂತ ಸೈಕಲ್ ತುಳ್ಕೊಂಡು ಬಂದ್ರಲ್ಲ. ಇಂಥ ಮನುಷ್ಯ ಬೇಕು ನಮ್ಗೆ. ಕಾಯಂ ಹುದ್ದೆಗೆ ನಿಮ್ಮ ಹೆಸ್ರೇ ಹೇಳ್ತೀನಿ."

ಸರ್ಮಿದಿಯ ಬಾಯಿ ತಾನಾಗಿ ಮುಚ್ಚಿಕೊಂಡಿತು. ಹೆಂಡತಿಯ ಮುಖ, ಸೋರುವ ಸೂರು, ಪ್ರತಿ ವರ್ಷ ಕೆಲಸ ಮುಂದುವರಿಸಿ ಎಂದು ಕೈ ಮುಗಿಯುವ ಅವಮಾನ, ಎಲ್ಲವೂ ಕಣ್ಣ ಮುಂದೆ ಬಂದವು. ಅತ್ತೆ ಇವತ್ತಲ್ಲ ನಾಳೆ ಹೋಗುವವಳೇ, ಸ್ವಲ್ಪ ಮುಂಚೆ ಹೇಳಿದರೆ ಅದು ಸುಳ್ಳಾಗುತ್ತದೆಯೇ ಎಂದು ತನ್ನನ್ನೇ ಕೇಳಿಕೊಂಡ. ತಲೆ ತಗ್ಗಿಸಿ ನಿಂತ. ಅದನ್ನೇ ಎಲ್ಲರೂ ಹೌದು ಎಂದು ತಿಳಿದರು.

"ನಡೀರಿ, ಎಲ್ರೂ ಹೋಗಿ ಮುಖ ನೋಡ್ಕೊಂಡು ಬರೋಣ. ಹೆಂಗೂ ಸೈಕಲ್ ಇದಾವೆ" ಎಂದರು ಸಾಹೇಬರು.

ಸರ್ಮಿದಿ ಸಾಹೇಬರಿಗೆ ಅಡ್ಡ ನಿಂತ. "ಬೇಡ ಸಾರ್. ಮನೆ ಚಿಕ್ಕದು."

"ಸಂಕೋಚ ಬೇಡ."

ಬೊವೊ ಆಗಲೇ ಹೂವಿನಂಗಡಿಗೆ ಫೋನು ಹಚ್ಚಿದ್ದ. "ದೊಡ್ಡ ಹೂವಿನ ಹಲಗೆಯೇ ಬೇಕು ಕಣ್ರೀ, ಸತ್ತವ್ರ ಹೆಸ್ರು ಬರೆದು ಬಾಗಿಲ ಮುಂದೆ ನಿಲ್ಸೋದು. ಸರ್ಮಿದಿ ಅಣ್ಣ, ಹೆಸ್ರು ಏನಂತ ಬರೆಸ್ಲಿ?"

"ಕಾರ್ತೊ ಅಜ್ಜಿ" ಎಂದ ಸರ್ಮಿದಿ. ಅವನ ದನಿ ಅವನಿಗೇ ಕೇಳಲಿಲ್ಲ.

"ಏನು?"

"ಕಾರ್ತೊ ಅಜ್ಜಿ."

"ಯಾಕೋ? ಇಲ್ಲೇ ಇದೀನಲ್ಲ" ಎಂದು ಗೇಟಿನ ಕಡೆಯಿಂದ ಕೇಳಿಸಿತು.

ಸೈಕಲ್ ರಿಕ್ಷಾದಿಂದ ಕಾರ್ತೊ ಅಜ್ಜಿ ಇಳಿಯುತ್ತಿದ್ದಳು. ಕಂಕುಳಲ್ಲಿ ಒಂದು ಗಂಟು, ಕಣ್ಣಲ್ಲಿ ಬೆಂಕಿ. ಅವಳು ಮನೆಗೆ ಬಂದು ಪೆಟ್ಟಿಗೆ ಬಾಯ್ದೆರೆದಿರುವುದನ್ನು ನೋಡುವ ಹೊತ್ತಿಗೆ ಸರಿಯಾಗಿ ಗಿಯೊಗೆ ಆ ಚಿತ್ತಾರ ಎಲ್ಲಿ ನೋಡಿದ್ದೆ ಎಂಬುದು ನೆನಪಾಗಿತ್ತು. ನೆನಪಾದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಆಸಾಮಿಯಲ್ಲ ಅವನು.

"ತಾವು ಯಾರಮ್ಮ?" ಎಂದರು ಸಾಹೇಬರು.

"ಇವ್ನ ಅತ್ತೆ. ನಾನು ಸತ್ತಾಗ ಹೊದಿಸ್ಕೊಳ್ಳೋಕೆ ಇಟ್ಟಿದ್ದ ಬಟ್ಟೆ ಉಟ್ಕೊಂಡು ಬಂದವ್ನೆ. ನಾನಿನ್ನೂ ಡಾಕ್ಟ್ರ ಹತ್ರ ಜಗಳ ಆಡ್ತಿದೀನಿ, ಇವ್ನಿಗೆ ಆಗ್ಲೇ ಅವಸರ."

ಬೊವೊ ಫೋನಿಗೆ, "ಹೂವು ಬೇಡ ಬಿಡಿ" ಎಂದವನು ಸಾಹೇಬರ ಮುಖ ನೋಡಿ, ಸರ್ಮಿದಿಯ ಮುಖ ನೋಡಿ, "ತಡೀರಿ, ಬೇಕಾದ್ರೂ ಬೇಕಾಗ್ಬೋದು" ಎಂದ.

ಸಾಹೇಬರು ಹೆಗಲ ಮೇಲಿನ ಕೈ ತೆಗೆದರು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಸರ್ಮಿದಿಗೆ ಅಷ್ಟು ನೋವಾಗುತ್ತಿರಲಿಲ್ಲ. "ಬೊವೊ, ಒಳಗೆ ಬನ್ನಿ. ನಿಮ್ಮ ಹುದ್ದೆ ವಿಷಯ ಮಾತಾಡ್ಬೇಕು" ಎಂದಷ್ಟೇ ಹೇಳಿ ಹೊರಟುಹೋದರು. ಬೊವೊ ನಗುತ್ತಾ ಹಿಂದೆ ಹೋದ. ಉಳಿದವರೂ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

"ಬಿಚ್ಚು" ಎಂದಳು ಅಜ್ಜಿ.

"ಇಲ್ಲೇನಾ ಅತ್ತೆ?"

"ಮಾನ ಕಳೀತೀನಿ ಅನ್ಕೊಂಡ್ಯಾ? ನಿನ್ನ ಪ್ಯಾಂಟು ತಂದಿದೀನಿ. ಮೊಳೆಗೆ ನೇತಾಡ್ತಿತ್ತು."

ಅವನು ಸೈಕಲ್ಲುಗಳ ಮರೆಯಲ್ಲಿ ಜಾರಿಕ್ ಬಿಚ್ಚಿ ಪ್ಯಾಂಟು ಹಾಕಿಕೊಂಡ. ಜೇಬು ಭಾರವಾಗಿತ್ತು. ಫೋನು ತೆಗೆದ. ಅವನು ಕನ್ನಡಿಯ ಮುಂದೆ ನಿಂತಿದ್ದ ಹೊತ್ತಿಗೇ ಸಾಹೇಬರು ಕಚೇರಿಯ ವಾಟ್ಸಾಪ್ ಗುಂಪಿಗೆ ಹಾಕಿದ ಮಾತು ಅದರಲ್ಲಿತ್ತು. ಸೈಕಲ್ ತುಳಿಯುವುದು ಕಷ್ಟವಾಗುವುದರಿಂದ ಈ ದಿನ ಜಾರಿಕ್ ಬೇಡ, ಎಲ್ಲರೂ ಪ್ಯಾಂಟಿನಲ್ಲಿ ಬನ್ನಿ. ಕೆಳಗೆ ಎಲ್ಲರ ಧನ್ಯವಾದ, ಬೊವೊನ ಕೈ ಮುಗಿಯುವ ಚಿತ್ರ.

ಸರ್ಮಿದಿ ನೆಲದ ಮೇಲೆ ಕೂತುಬಿಟ್ಟ. ಅಳು ಬಂತು. ಈ ಸಲ ದೂಳಿನಿಂದಲ್ಲ.

ಅಜ್ಜಿ ಜಾರಿಕ್ಕನ್ನು ಬಿಸಿಲಿಗೆ ಹಿಡಿದು ಅಂಚನ್ನು ಬೆರಳಿನಿಂದ ಉಜ್ಜಿ ನೋಡಿದಳು. ಗ್ರೀಸು ಹೋಗುವ ಹಾಗೆ ಕಾಣಲಿಲ್ಲ. ಅದನ್ನು ನಿಧಾನವಾಗಿ ಮಡಿಸಿ, ಅಳಿಯನ ಪಕ್ಕದಲ್ಲಿಟ್ಟು, ರಿಕ್ಷಾ ಹತ್ತಿ ಕೂತಳು.

"ಈ ಕೊಳಕು ಹೊದ್ಕೊಂಡು ನಾನು ಮೇಲೆ ಹೋಗಲ್ಲ" ಎಂದಳು. "ನಿನ್ಗೆ ಕೆಲ್ಸ ಕಾಯಂ ಆದ್ಮೇಲೆ ಹೊಸದು ತಂದ್ಕೊಡು. ಅಲ್ಲೀತನಕ ನಾನು ಸಾಯೋದಿಲ್ಲ."