ಆರು ಬೆರಳಿನ ಅತಿಥಿ

ಕಲ್ಲುಕುಟಿಗರು: ಎಷ್ಟು ಸಲ ಹೇಳ್ಲಿ ಮೇಷ್ಟ್ರೇ? ಅದು ಗಗನಯಾತ್ರಿಯ ಶಿರಸ್ತ್ರಾಣ ಅಲ್ಲ. ಜೇನು ಸಾಕೋರು ಹಾಕ್ಕೊಳ್ಳೋ ಜಾಲರಿ ಟೋಪಿ. ನಾನೇ ಕೆತ್ತಿದ್ದು, ಇದೇ ಕೈಯಲ್ಲಿ!

ಮೇಷ್ಟ್ರು: ನೀವು ಹಾಗಂದ್ಕೊಂಡಿದ್ದೀರಿ ಯಜಮಾನ್ರೇ.

ಕಲ್ಲುಕುಟಿಗರು: ಅಂದ್ಕೊಂಡಿದ್ದೀನಾ? ಆರು ತಿಂಗಳು ಇದರ ಧೂಳು ಕುಡಿದೋನು ನಾನು!

ರಸ್ತೆಯ ತಿರುವಿನಲ್ಲಿ ಆಳೆತ್ತರದ ಕಲ್ಲಿನ ಬೊಂಬೆಯೊಂದು ನಿಂತಿದೆ. ದುಂಡನೆಯ ತಲೆ, ದಪ್ಪ ಕೈಗವಸು, ಬಲಗೈಯಲ್ಲಿ ಉದ್ದ ಮೂತಿಯ ಡಬ್ಬಿ. ಅದರ ಒಂದು ಪಕ್ಕ ವಯಸ್ಸಾದ ಕಲ್ಲುಕುಟಿಗರು, ಇನ್ನೊಂದು ಪಕ್ಕ ಅಳತೆಪಟ್ಟಿ ಹಿಡಿದ ನಿವೃತ್ತ ವಿಜ್ಞಾನದ ಮೇಷ್ಟ್ರು. ಬೇರೆ ಗ್ರಹದವರು ಬಂದು ಮಂಗನನ್ನು ಮನುಷ್ಯನನ್ನಾಗಿ ಮಾಡಿ, ಧರ್ಮವನ್ನೂ ಕಲಿಸಿ ಹೋದರೆಂದು ಮೂರು ಪುಸ್ತಕ ಬರೆದಿರುವ ಇವರನ್ನು ಬೀದಿಯವರು ಗ್ರಹಚಾರ ಮೇಷ್ಟ್ರು ಎನ್ನುತ್ತಾರೆ. ಮೂರನ್ನೂ ಓದಿದವರು ಅವರೊಬ್ಬರೇ. ಕಲ್ಲುಕುಟಿಗರ ಹೆಂಡತಿ ತರಕಾರಿ ಚೀಲ ಕೆಳಗಿಟ್ಟು, ಜಗಳ ಮುಗಿಯಲೆಂದು ಕಾಯುತ್ತಿದ್ದಾರೆ. ಕಾಯುತ್ತಿದ್ದಾರೆ ಎಂದರೆ ಸುಮ್ಮನಿದ್ದಾರೆ ಎಂದಲ್ಲ.

ಹೆಂಡತಿ: ಬನ್ರೀ ಮನೆಗೆ. ಇವರಿಗೆ ಹೇಳೋದಕ್ಕಿಂತ ಆ ಬೊಂಬೆಗೆ ಹೇಳಿ, ಅದಾದರೂ ಅಡ್ಡಮಾತಾಡಲ್ಲ.

ಮೇಷ್ಟ್ರು: ತಾಯಿ, ನೀವೇ ನೋಡಿ. ಕೈಯಲ್ಲಿರೋದು ಶಕ್ತಿಯಂತ್ರ.

ಕಲ್ಲುಕುಟಿಗರು: ಹೊಗೆಡಬ್ಬಿ. ಹೊಗೆ ಊದಿದರೆ ಜೇನು ಸುಮ್ಮನಾಗ್ತವೆ.

ಮೇಷ್ಟ್ರು: ಎದೆ ಮೇಲೆ ನಕ್ಷತ್ರಮಂಡಲ?

ಕಲ್ಲುಕುಟಿಗರು: ಜೇನುಹುಳ! ರೆಕ್ಕೆ ಇತ್ತು, ಮಳೆಗೆ ಸವೆದುಹೋಗಿದೆ.

ಮೇಷ್ಟ್ರು: ಕಾಲ ಹತ್ತಿರ ಈ ಚೌಕದ ನೌಕೆ?

ಕಲ್ಲುಕುಟಿಗರು: ಜೇನುಪೆಟ್ಟಿಗೆ! ಇಲ್ಲಿ ಜೇನು ಸಾಕೋರ ಸಂಘ ಇತ್ತು. ಅವರೇ ಹೇಳಿ ಮಾಡಿಸಿದ್ದು.

ಮೇಷ್ಟ್ರು: ಎಲ್ಲಿ ಆ ಸಂಘ?

ಕಲ್ಲುಕುಟಿಗರು: ಮುಚ್ಚಿಹೋಯ್ತು.

ಮೇಷ್ಟ್ರು: ಅವರ ಕಟ್ಟಡ?

ಕಲ್ಲುಕುಟಿಗರು: ಕೆಡವಿದರು.

ಮೇಷ್ಟ್ರು: ಕೆಳಗೆ ನಿಮ್ಮ ಹೆಸರು ಇರಬೇಕಲ್ಲ?

ಕಲ್ಲುಕುಟಿಗರು: ಇತ್ತು. ರಸ್ತೆ ಎತ್ತರಿಸಿ ಎತ್ತರಿಸಿ ಪೀಠವೇ ಹೂತುಹೋಗಿದೆ.

ಮೇಷ್ಟ್ರು: (ಬರೆದುಕೊಳ್ಳುತ್ತ) ಸಂಘ ಇಲ್ಲ, ಕಟ್ಟಡ ಇಲ್ಲ, ಹೆಸರಿಲ್ಲ. ನೋಡಿದಿರಾ? ಕುರುಹು ಅಳಿಸಿ ಹೋಗೋದೇ ಅವರ ಪದ್ಧತಿ.

ಹೆಂಡತಿ: ಅಳಿಸಿದ್ದು ಡಾಂಬರು ಹಾಕೋರು. ಅವರೂ ಮೇಲಿಂದ ಇಳಿದೋರೇನು?

ಮೇಷ್ಟ್ರು: ನಗಬೇಡಿ ತಾಯಿ. ಈಗೀಗ ಜನ ಇದಕ್ಕೆ ಕೈ ಮುಗಿಯೋಕೆ ಶುರು ಮಾಡಿದ್ದಾರೆ. ಧರ್ಮ ಹುಟ್ಟಿದ್ದೇ ಹೀಗೆ. ಒಳಗೆಲ್ಲೋ ಹಳೇ ನೆನಪು!

ಹೆಂಡತಿ: ನೆನಪೂ ಇಲ್ಲ, ಮಣ್ಣೂ ಇಲ್ಲ. ಈ ತಿರುವಲ್ಲಿ ಬಸ್ಸು ತಿರುಗೋವಾಗ ಜೀವ ಬಾಯಿಗೆ ಬರುತ್ತೆ. ಅವರು ಕೈ ಮುಗಿಯೋದು ಡ್ರೈವರ್‌ಗೆ ಹೆದರಿ. ಅದಿರಲಿ, ನಮ್ಮನ್ನ ಮಾಡಿದೋರು ಅವರೇ ತಾನೇ? ಇವರ ಸೊಂಟ ಯಾಕೆ ಇಷ್ಟು ಕಳಪೆಯಾಗಿ ಮಾಡಿದರು, ಕೇಳಿ ಹೇಳಿ.

ಮೇಷ್ಟ್ರು: ಮಾತು ತೇಲಿಸಬೇಡಿ. ಈ ತೋಳಿನ ಮೇಲೆ ಕೈಯಾಡಿಸಿ ನೋಡಿ, ಬೆಣ್ಣೆ ಮುಟ್ಟಿದ ಹಾಗಿದೆ. ಇಷ್ಟು ನುಣುಪು ಮನುಷ್ಯರ ಕೈಯಲ್ಲಿ ಸಾಧ್ಯವಾ?

ಬೈಸಿಕೊಂಡದ್ದೋ ಹೊಗಳಿಸಿಕೊಂಡದ್ದೋ ಕಲ್ಲುಕುಟಿಗರಿಗೆ ತಿಳಿಯಲಿಲ್ಲ. ನಲವತ್ತು ವರ್ಷದಲ್ಲಿ ಆ ನುಣುಪನ್ನು ಕಂಡು ಒಂದು ಮಾತಾಡಿದವರು ಇವರೊಬ್ಬರೇ. ಖುಷಿಯಾಯಿತು, ಖುಷಿಯಾಯಿತಲ್ಲ ಎಂದು ಸಿಟ್ಟೂ ಬಂತು.

ಮೇಷ್ಟ್ರು: ಕೊನೇ ಸಾಕ್ಷಿ. ಎಡಗೈ ಬೆರಳು ಎಣಿಸಿ.

ಕಲ್ಲುಕುಟಿಗರು ಎಣಿಸಲಿಲ್ಲ. ತಲೆ ತಗ್ಗಿಸಿದರು.

ಮೇಷ್ಟ್ರು: ಆರು! ಅವರಿಗೆ ಆರು, ನಮಗೆ ಐದು. ನಮ್ಮನ್ನ ರೂಪಿಸೋವಾಗ ಒಂದು ಕಮ್ಮಿ ಮಾಡಿದರು. ಮಾನವ ವಿಕಾಸದ ಗುಟ್ಟು ಈ ಕೈಲಿದೆ!

ಕಲ್ಲುಕುಟಿಗರು: (ಮೆಲ್ಲಗೆ) ಅದು ತಪ್ಪಾಗಿದ್ದು ಮೇಷ್ಟ್ರೇ.

ಹೆಂಡತಿ: ಹೇಳಿ, ಹೇಳಿ. ಇವತ್ತಾದರೂ ಬಾಯಿಬಿಟ್ಟು ಹೇಳಿ.

ಕಲ್ಲುಕುಟಿಗರು: ಇವಳಿಂದ ಆಗಿದ್ದು.

ಹೆಂಡತಿ: ನನ್ನಿಂದಾನಾ? ಉಳಿ ನನ್ನ ಕೈಲಿತ್ತಾ?

ಕಲ್ಲುಕುಟಿಗರು: ಬಾಯಿ ನಿಂದಿತ್ತಲ್ಲ! ಬೆರಳು ಬಿಡಿಸ್ತಾ ಕೂತಿದ್ದೆ ಮೇಷ್ಟ್ರೇ. ಇವಳು ಬಂದು, ನಮ್ಮಮ್ಮ ಏನಂದ್ರು, ಅದಕ್ಕೆ ಇವಳೇನಂದ್ಲು, ನಾನ್ಯಾಕೆ ಕಲ್ಲಿನ ಹಾಗೆ ಕೂತಿದ್ದೆ ಅಂತ ಶುರು ಹಚ್ಚಿಕೊಂಡ್ಲು. ಹೂಂ, ಹೂಂ ಅಂತ ಸುತ್ತಿಗೆ ಹೊಡೀತಾ ಹೋದೆ. ಇವಳು ಮುಗಿಸೋ ಹೊತ್ತಿಗೆ ಆರಾಗಿತ್ತು.

ಹೆಂಡತಿ: ಅವತ್ತು ಬೇಗ ಮುಗಿಸಿದೆ ಅಂತ ಆರು. ಎಲ್ಲಾ ಹೇಳಿದ್ರೆ ಹತ್ತಾಗಿರೋದು.

ಮೇಷ್ಟ್ರು: (ಪೆನ್ನಿನ ಮುಚ್ಚಳ ಹಾಕುತ್ತ) ಅಂದರೆ ಮನುಕುಲದ ಮೂಲರಹಸ್ಯ, ಅತ್ತೆ ಸೊಸೆ ಜಗಳ?

ಹೆಂಡತಿ: ಮೂರು ಪುಸ್ತಕ ಬರೆದ ಮೇಲೆ ಇದೊಂದೇ ಸರಿಯಾದ ಮಾತು. ಬರ್ಕೊಳ್ಳಿ.

ಕಲ್ಲುಕುಟಿಗರು: ಹಾಗಾದರೆ ಒಪ್ಕೊಂಡ್ರಿ. ನಾಳೆ ಸರ್ಕಾರದ ಇಲಾಖೆಯೋರು ಇದನ್ನ ನೋಡೋಕೆ ಬರ್ತಾರಂತಲ್ಲ, ಅವರಿಗೂ ಹೀಗೇ ಹೇಳ್ಬಿಡಿ. ನನ್ನ ಹೆಸರು ಉಳೀಲಿ.

ಮೇಷ್ಟ್ರು: ಹೆಸರು ಉಳಿಯುತ್ತೆ. ಬೊಂಬೆ ಉಳಿಯಲ್ಲ.

ಕಲ್ಲುಕುಟಿಗರು: ಅಂದರೆ?

ಮೇಷ್ಟ್ರು: ಅವರು ಬರ್ತಿರೋದೇ ರಸ್ತೆ ಅಗಲ ಮಾಡೋಕೆ ಯಜಮಾನ್ರೇ. ಯಾರು ಮಾಡಿದ್ದು ಅಂತ ಗೊತ್ತಿದ್ದರೆ ಅದು ಅಡ್ಡ ನಿಂತ ಕಲ್ಲು, ಒಡೆದು ಜಲ್ಲಿ ಮಾಡ್ತಾರೆ. ಯಾರು ಮಾಡಿದ್ದು ಅಂತ ಗೊತ್ತಿಲ್ಲದಿದ್ದರೆ ಅದು ಪರಂಪರೆ, ಬೇಲಿ ಹಾಕಿ ರಸ್ತೆಯನ್ನೇ ಪಕ್ಕಕ್ಕೆ ಸರಿಸ್ತಾರೆ. (ಜೇಬಿನಿಂದ ಕಾಗದ ತೆಗೆದು) ಬೀದಿಯ ಹಿರಿಯರೊಬ್ಬರ ಸಹಿ ಬೇಕು. ‘ನನಗೆ ಬುದ್ಧಿ ಬಂದಾಗಿನಿಂದ ಇದು ಇಲ್ಲೇ ಇದೆ. ಮಾಡಿದವರನ್ನು ಕಂಡವರಿಲ್ಲ.’ ಇಷ್ಟೇ.

ಹೆತ್ತ ಮಗುವನ್ನು ನನ್ನದಲ್ಲ ಎಂದು ಬರೆದುಕೊಡಲು ಹೇಳಿದಂತಾಯಿತು ಕಲ್ಲುಕುಟಿಗರಿಗೆ. ಕಾಗದ ನೋಡಿದರು, ಬೊಂಬೆ ನೋಡಿದರು, ಕೊನೆಗೆ ಹೆಂಡತಿಯನ್ನು ನೋಡಿದರು.

ಕಲ್ಲುಕುಟಿಗರು: ಜೀವಮಾನವೆಲ್ಲ ಮೆಟ್ಟಿಲು ಮಾಡ್ದೆ, ಚರಂಡಿ ಚಪ್ಪಡಿ ಮಾಡ್ದೆ. ಮುಖ ಅಂತ ಕೆತ್ತಿದ್ದು ಇದೊಂದೇ ಕಣೇ.

ಹೆಂಡತಿ: (ಇಷ್ಟು ಹೊತ್ತಿನಲ್ಲಿ ಮೊದಲ ಸಲ ಮೆತ್ತಗೆ) ಸಹಿ ಹಾಕ್ರೀ.

ಕಲ್ಲುಕುಟಿಗರು: ನಾನು ಮಾಡಿಲ್ಲ ಅಂತಾನಾ?

ಹೆಂಡತಿ: ನೀವು ಮಾಡಿದ್ದು ಅಂತ ನನಗೆ ಗೊತ್ತಲ್ಲ, ಸಾಲದಾ? ಅದು ನಿಂತಿರಲಿ.

ಕಲ್ಲುಕುಟಿಗರು ಸಹಿ ಹಾಕಿದರು. ಮೇಷ್ಟ್ರು ಕಾಗದವನ್ನು ಎರಡು ಸಲ ಓದಿದರು. ಓದುತ್ತ ಓದುತ್ತ ಅವರ ಮುಖ ಅರಳಿತು.

ಮೇಷ್ಟ್ರು: ಅದ್ಭುತ! ಮಾಡಿದವರನ್ನು ಕಂಡವರಿಲ್ಲ! ನಾನು ಹೇಳ್ತಾ ಇದ್ದಿದ್ದೂ ಇದನ್ನೇ!

ಕಲ್ಲುಕುಟಿಗರು: ಮೇಷ್ಟ್ರೇ, ಈಗ ತಾನೇ ನಾನೇ ಮಾಡಿದ್ದು ಅಂತ ಹೇಳಿದ್ನಲ್ಲ!

ಮೇಷ್ಟ್ರು: ನೀವು ಬಾಯಲ್ಲಿ ಸಾವಿರ ಹೇಳಬಹುದು. ಇದು ಸಹಿ ಇರೋ ದಾಖಲೆ. ನಂಬದೆ ಇರೋಕಾಗುತ್ತಾ?

ಅವರು ಮೊಬೈಲು ತೆಗೆದು, ನಾಲ್ಕು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ಬೊಂಬೆಗೆ ಗುರಿಯಿಟ್ಟರು. ಗಂಡ ಹೆಂಡತಿ ಇಬ್ಬರೂ ಅದರ ಪಕ್ಕದಲ್ಲೇ ನಿಂತಿದ್ದರು.

ಮೇಷ್ಟ್ರು: ಸ್ವಲ್ಪ ಆಚೆ ಬನ್ನಿ ಯಜಮಾನ್ರೇ. ಫೋಟೋದಲ್ಲಿ ನೀವು ಬಿದ್ದರೆ ಮನುಷ್ಯರು ಮಾಡಿದ ಹಾಗೆ ಕಾಣುತ್ತೆ.

ಕಲ್ಲುಕುಟಿಗರು ಆಚೆ ಸರಿದರು. ಹೆಂಡತಿ ಸರಿಯಲಿಲ್ಲ. ಸೆರಗು ಸರಿಮಾಡಿಕೊಂಡು ಬೊಂಬೆಯ ತೋಳು ಹಿಡಿದುಕೊಂಡರು.

ಮೇಷ್ಟ್ರು: ತಾಯಿ, ನೀವೂ...

ಹೆಂಡತಿ: ನಾನಿರ್ತೀನಿ, ತೆಗೀರಿ. ಯಾರಾದರೂ ಕೇಳಿದರೆ, ಇವಳೂ ಅವರ ಜೊತೆ ಮೇಲಿಂದ ಬಂದೋಳು, ವಾಪಸು ಹೋಗೋವಾಗ ಅವರೇ ಹೆದರಿ ಬಿಟ್ಟುಹೋದರು ಅಂತ ಬರೀರಿ.